ಕಣ್ಣಂಚಿನ ಹೆಪ್ಪು: ಸುಣ್ಣ ಬಿದ್ದ ಕಣ್ಣಿಗೆ ಮತ್ತೆ ಬೆಳಕು ಬರುವುದು ಹೇಗೆ?

[ದೃಶ್ಯ: ಎಲೆ ಅಡಿಕೆ ತಟ್ಟೆ. ಪಕ್ಕದಲ್ಲಿ ಸುಣ್ಣದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ.]

ನಮಸ್ಕಾರ. ಈ ಪೊಟ್ಟಣ ಯಾವ ಗೂಡಂಗಡಿಗೆ ಹೋದರೂ ಸಿಗುತ್ತದೆ. ಮನೆಯ ಮಗು ಇದನ್ನು ಆಟಕ್ಕೆಂದು ಹಿಡಿದು ಹಿಸುಕುತ್ತದೆ. ಪೊಟ್ಟಣ ಒಡೆದು ಸುಣ್ಣ ನೇರ ಕಣ್ಣಿಗೆ ಚಿಮ್ಮುತ್ತದೆ. ನಮ್ಮ ದೇಶದ ಕಣ್ಣಿನ ವೈದ್ಯರು ಇಂಥ ಮಕ್ಕಳನ್ನು ಮತ್ತೆ ಮತ್ತೆ ನೋಡುತ್ತಾರೆ. ಸುಣ್ಣ ಕ್ಷಾರ. ಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತಾ ಒಳಗೆ ಇಳಿಯುತ್ತದೆ. ಅದರ ಕಣ ರೆಪ್ಪೆಯಡಿ ಸಿಕ್ಕಿಕೊಂಡರೆ ಸುಡುತ್ತಲೇ ಇರುತ್ತದೆ.

ಮುಂದಕ್ಕೆ ಹೋಗುವ ಮೊದಲೇ ಇದನ್ನು ಹೇಳಿಬಿಡುತ್ತೇನೆ. ಹೀಗಾದರೆ ಉಜ್ಜಬೇಡಿ, ಮನೆಮದ್ದು ಹುಡುಕಬೇಡಿ. ತಕ್ಷಣ ಶುದ್ಧ ನೀರನ್ನು ಧಾರೆಯಾಗಿ ಬಿಡುತ್ತಾ ಕನಿಷ್ಠ 15ರಿಂದ 30 ನಿಮಿಷ ಕಣ್ಣು ತೊಳೆಯಿರಿ. ಆಮೇಲೆ ಆಸ್ಪತ್ರೆಗೆ ಓಡಿ.

ಈಗ ಪ್ರಶ್ನೆಗೆ ಬರೋಣ. ಕಣ್ಣಿನ ಮೇಲ್ಪದರಕ್ಕೆ ಉಗುರು ತಾಗಿ ಸಣ್ಣ ಗೀರು ಬಿದ್ದರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮಾಯುತ್ತದೆ. ಅದೇ ಕಣ್ಣು ಸುಣ್ಣಕ್ಕೆ ಸಿಕ್ಕಾಗ ಮಾತ್ರ ಎಷ್ಟೋ ಸಲ ಶಾಶ್ವತವಾಗಿ ಮಂಜಾಗುತ್ತದೆ. ಯಾಕೆ?

[ದೃಶ್ಯ: ಕಣ್ಣಿನ ಸಮೀಪ ಚಿತ್ರ. ಕಪ್ಪುಭಾಗ ಬಿಳಿಭಾಗವನ್ನು ಸೇರುವ ಗಡಿ ನಿಧಾನವಾಗಿ ಬೆಳಗುತ್ತದೆ.]

ಕಪ್ಪುಭಾಗದ ಮುಂದೆ ಗಾಜಿನಂಥ ಕಾರ್ನಿಯಾ ಇದೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದು ತಿಳಿಯಾಗಿರಲು ರಕ್ತನಾಳವಿಲ್ಲದಿರುವುದೂ ಒಂದು ಕಾರಣ. ಅದರ ಹೊರಮೈಯ ಐದಾರು ಪದರಗಳ ಕೋಶಗಳು ನಾವು ರೆಪ್ಪೆ ಬಡಿದಂತೆಲ್ಲ ಸವೆದು ಕಣ್ಣೀರಿನಲ್ಲಿ ಹೋಗುತ್ತಿರುತ್ತವೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನಗಳಲ್ಲಿ ಇಡೀ ಹೊರಪದರ ಹೊಸದಾಗುತ್ತದೆ. ಹೋದ ವಾರ ನೀವು ಲೋಕ ನೋಡಿದ ಆ ಹೊರಪದರ ಇವತ್ತು ನಿಮ್ಮ ಕಣ್ಣಲ್ಲಿ ಬಹುಪಾಲು ಇಲ್ಲ!

ಹೊಸ ಕೋಶಗಳು ಬರುವುದು ಎಲ್ಲಿಂದ? ಆ ಗಡಿಯಿಂದ. ಹೆಸರು ಲಿಂಬಸ್. ಅಲ್ಲಿ ಸಣ್ಣ ಸಣ್ಣ ದಿಂಡುಗಳು ಬೇಲಿಯ ಗೂಟಗಳಂತೆ ಸಾಲಾಗಿ ನಿಂತಿವೆ. ಅವುಗಳ ನಡುವೆ ಅಡಗಿ ಕುಳಿತಿರುವುದೇ ಸ್ಟೆಮ್ ಸೆಲ್, ಅಂದರೆ ಆಕರಕೋಶ.

[ದೃಶ್ಯ: ಮೊಸರಿನ ಪಾತ್ರೆ. ಒಂದು ಚಮಚ ಮೊಸರನ್ನು ತೆಗೆದಿಡುವ ಕೈ.]

ಆಕರಕೋಶ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಹೆಪ್ಪನ್ನು ತೋರಿಸುತ್ತೇನೆ. ಎಷ್ಟೇ ಮೊಸರು ಬಡಿಸಿದರೂ ಅಮ್ಮ ನಾಳೆಯ ಹಾಲಿಗೆಂದು ಒಂದು ಚಮಚ ಉಳಿಸಿಯೇ ಉಳಿಸುತ್ತಾಳೆ. ಆಕರಕೋಶದ ಕೆಲಸವೂ ಅದೇ. ತಾನು ಎರಡಾಗಿ ಒಡೆದಾಗ ತನ್ನಂಥದ್ದನ್ನೇ ಗಡಿಯಲ್ಲಿ ಉಳಿಸಿಕೊಳ್ಳುತ್ತದೆ, ಇನ್ನೊಂದನ್ನು ಕೆಲಸಕ್ಕೆ ಕಳುಹಿಸುತ್ತದೆ. ಹೊರಟ ಕೋಶ ಬೇಗಬೇಗ ಒಡೆದು ಹೆಚ್ಚುತ್ತದೆ. ಅದರ ಸಂತತಿ ಕಾರ್ನಿಯಾದ ನಡುವಿಗೂ ಮೇಲಕ್ಕೂ ಸರಿಯುತ್ತಾ ಕೊನೆಗೆ ಉದುರುತ್ತದೆ. ಅಂಚಿನಿಂದ ಬಂದದ್ದು ಮತ್ತು ತಳದಿಂದ ಮೇಲೆದ್ದದ್ದು ಸೇರಿದರೆ ಉದುರಿದ್ದಕ್ಕೆ ಸಮ ಎಂಬ ಸರಳ ಲೆಕ್ಕವನ್ನು ಥಾಫ್ಟ್ ಮತ್ತು ಫ್ರೆಂಡ್ ಎಂಬ ವಿಜ್ಞಾನಿಗಳು 1983ರಲ್ಲಿ ಮುಂದಿಟ್ಟರು.

ಗಡಿಯಲ್ಲೇ ಹೆಪ್ಪಿದೆ ಎಂಬುದಕ್ಕೆ 1989ರಲ್ಲಿ ಸಿಕ್ಕ ಸಾಕ್ಷ್ಯ ಬಹಳ ಸೊಗಸಾದದ್ದು. ಇಲಿಗಳ ಕೋಶಗಳ ಡಿಎನ್ಎಗೆ ವಿಜ್ಞಾನಿಗಳು ಒಂದು ಗುರುತು ಸೇರಿಸಿ ಕಾದರು. ಮಜ್ಜಿಗೆಗೆ ನೀರು ಬೆರೆಸಿದಷ್ಟೂ ತೆಳುವಾಗುವಂತೆ, ಕೋಶ ಒಡೆದಷ್ಟೂ ಗುರುತು ಮಸುಕಾಗುತ್ತದೆ. ವಾರಗಳು ಕಳೆದ ಮೇಲೆ ಕಾರ್ನಿಯಾದ ನಡುವೆ ಗುರುತೇ ಇರಲಿಲ್ಲ. ಲಿಂಬಸ್‌ನಲ್ಲಿ ಮಾತ್ರ ಕೆಲವು ಕೋಶಗಳಲ್ಲಿ ಉಳಿದಿತ್ತು. ಇಡೀ ಪದರವನ್ನು ಸಾಕುವ ಕೋಶವೇ ಎಲ್ಲಕ್ಕಿಂತ ನಿಧಾನವಾಗಿ ಒಡೆಯುವಂಥದ್ದು. ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು.

ಅದೇ ಕಾರ್ನಿಯಾದ ಒಳಮೈ ನೋಡಿ. ಅಲ್ಲಿ ಒಂದೇ ಪದರದ ಕೋಶಗಳಿವೆ, ಅವು ಮನುಷ್ಯರಲ್ಲಿ ಹೆಚ್ಚುಕಡಿಮೆ ಮರುಹುಟ್ಟುವುದೇ ಇಲ್ಲ. ಹುಟ್ಟುವಾಗ ತಂದದ್ದನ್ನೇ ಕೊನೆಯವರೆಗೂ ಬಾಳಿಸಬೇಕು. ಅರ್ಧ ಮಿಲಿಮೀಟರ್ ಅಂತರದಲ್ಲಿ ಒಂದಕ್ಕೆ ವಾರದ ಆಯಸ್ಸು, ಇನ್ನೊಂದಕ್ಕೆ ಜೀವಮಾನದ ಆಯಸ್ಸು.

[ದೃಶ್ಯ: ಲಿಂಬಸ್ ಉಂಗುರ ಆರುತ್ತದೆ. ಬಿಳಿಭಾಗದಿಂದ ಕೆಂಪು ನಾಳಗಳು ಒಳನುಗ್ಗುತ್ತವೆ.]

ಸುಣ್ಣ ಸುಡುವುದು ಈ ಹೆಪ್ಪನ್ನೇ. ಬೇಲಿ ಬಿದ್ದ ಹೊಲಕ್ಕೆ ದನ ನುಗ್ಗಿದಂತೆ, ಬಿಳಿಭಾಗದ ಪೊರೆ ತನ್ನ ರಕ್ತನಾಳಗಳ ಸಮೇತ ಕಾರ್ನಿಯಾ ಮೇಲೆ ಹಬ್ಬುತ್ತದೆ. ದಾನಿಯ ಕಾರ್ನಿಯಾ ಹೊಲಿದರೆ ಸಾಲದೇ? ಸಾಲದು. ಕಾರ್ನಿಯಾದ ನಡುಭಾಗ ಬಡಿಸಿಟ್ಟ ಮೊಸರು. ಹೆಪ್ಪಿಲ್ಲದೆ ಅದು ಖಾಲಿಯಾಗುತ್ತದೆ, ಮಂಜು ಮರಳುತ್ತದೆ.

ಹಾಗಾದರೆ ಹೆಪ್ಪನ್ನೇ ನೆಡಬೇಕು. 1997ರಲ್ಲಿ ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ, ಮಿಕೆಲೆ ಡೆ ಲೂಕಾ ಮತ್ತು ಸಂಗಡಿಗರು ರೋಗಿಯ ಒಳ್ಳೆಯ ಕಣ್ಣಿನ ಲಿಂಬಸ್‌ನಿಂದ ಚೂರು ತೆಗೆದು, ಪ್ರಯೋಗಾಲಯದಲ್ಲಿ ಹಾಳೆಯಾಗಿ ಬೆಳೆಸಿ, ಸುಟ್ಟ ಕಣ್ಣಿಗೆ ಕೂರಿಸಿದ್ದನ್ನು ವರದಿ ಮಾಡಿದರು. 2015ರಲ್ಲಿ ಯುರೋಪ್ ಅನುಮೋದಿಸಿದ ಮೊದಲ ಆಕರಕೋಶ ಔಷಧಿ ಇದೇ ದಾರಿಯದ್ದು. ಆದರೆ ಅಂಥ ಪ್ರಯೋಗಾಲಯ ಬಲು ದುಬಾರಿ.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೀರೇಂದರ್ ಸಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಆ ಪ್ರಯೋಗಾಲಯವನ್ನೇ ಕೈಬಿಟ್ಟ ವಿಧಾನವೊಂದನ್ನು ಪ್ರಕಟಿಸಿದರು. ಹೆಸರು ಸ್ಲೆಟ್. ಒಳ್ಳೆಯ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಉದ್ದಗಲದ ಚೂರು ತೆಗೆಯುತ್ತಾರೆ. ಸುಟ್ಟ ಕಣ್ಣಿನ ಮೇಲೆ ಹಬ್ಬಿದ ಪೊರೆಯನ್ನು ಕೆರೆದು, ಗರ್ಭದಲ್ಲಿ ಮಗುವನ್ನು ಸುತ್ತಿರುವ ನೀರಿನ ಚೀಲದ ತೆಳುಪೊರೆಯನ್ನು ಹಾಸುತ್ತಾರೆ. ಆ ಚೂರನ್ನು ಎಂಟು ಹತ್ತು ತುಣುಕುಗಳಾಗಿ ಕತ್ತರಿಸಿ, ಪೈರು ನಾಟಿ ಮಾಡಿದಂತೆ ಅಲ್ಲಲ್ಲಿ ಅಂಟಿಸಿ ಕಾಂಟ್ಯಾಕ್ಟ್ ಲೆನ್ಸ್ ಮುಚ್ಚುತ್ತಾರೆ. ತುಣುಕುಗಳಿಂದ ಕೋಶಗಳು ಹಬ್ಬಿ ಒಂದನ್ನೊಂದು ಕೂಡುತ್ತವೆ. ಕೋಶಗಳನ್ನು ಬೆಳೆಸುವ ಪ್ರಯೋಗಾಲಯ ಕಣ್ಣೇ! ಸುಣ್ಣದಿಂದ ಸುಟ್ಟ ಕಣ್ಣುಗಳನ್ನು ಅಷ್ಟೊಂದು ನೋಡಿದ ನಾಡಿನಲ್ಲೇ ಈ ದಾರಿ ಹೊಳೆದದ್ದು ನನಗೆ ಹೆಮ್ಮೆಯ ವಿಷಯ.

ಎರಡೂ ಕಣ್ಣು ಸುಟ್ಟವರಿಗೆ? ಅವರಲ್ಲಿ ತೆಗೆಯಲು ಹೆಪ್ಪೇ ಇಲ್ಲ. ಬೇರೊಬ್ಬರಿಂದ ತಂದರೆ ದೇಹ ತಿರಸ್ಕರಿಸದಂತೆ ದೀರ್ಘಕಾಲ ಔಷಧಿ ಬೇಕು. ಜಪಾನಿನ ಒಸಾಕಾದಲ್ಲಿ ಕೋಜಿ ನಿಶಿದಾ ತಂಡ 2019ರಲ್ಲಿ ಬೇರೆ ಬಗೆಯ ಕೋಶವನ್ನು ಮೊದಲು ಆಕರಕೋಶದ ಸ್ಥಿತಿಗೆ ಮರಳಿಸಿ, ಅದರಿಂದ ಕಾರ್ನಿಯಾ ಪದರ ಬೆಳೆಸಿ ನೆಟ್ಟಿತು.

[ದೃಶ್ಯ: ಕಪ್ಪು ಪರದೆ. ಮಧ್ಯದಲ್ಲಿ ತೆಳುವಾದ ಉಂಗುರ.]

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ಬಂದವು. ಪ್ರತಿ ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಸೀಳಿ ನಾಲ್ವರಿಗೆ ದೃಷ್ಟಿ ಕೊಟ್ಟದ್ದು ನಮಗೆಲ್ಲ ಗೊತ್ತು. ಅಷ್ಟಾಗಿ ಸುದ್ದಿಯಾಗದ ಮಾತೊಂದನ್ನೂ ವೈದ್ಯರು ಅಂದು ಹೇಳಿದ್ದರು. ಉಳಿದ ಲಿಂಬಸ್ ಉಂಗುರವನ್ನು ಅವರು ಎಸೆಯಲಿಲ್ಲ. ರಾಸಾಯನಿಕ ಮತ್ತು ಪಟಾಕಿಯಿಂದ ಕಣ್ಣಂಚು ಸುಟ್ಟವರಿಗೆ ಮುಂದೆ ನೆರವಾಗಬಹುದೆಂದು, ಆಕರಕೋಶ ಬೆಳೆಸಲು ಅದನ್ನು ತಮ್ಮ ಪ್ರಯೋಗಾಲಯಕ್ಕೆ ಕಳುಹಿಸಿದರು.