ಆಟದ ವಂತಿಗೆ, ಅಂಗಡಿ ಕ್ಯೂಆರ್, ಸರ್ಕಾರದ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ. ತೆರಿಗೆ ಬಗ್ಗೆ ಮಾತು ಅಂದ ಕೂಡ್ಲೇ ಅರ್ಧ ಜನ ರೇಡಿಯೋ ಸಣ್ಣ ಮಾಡಿ ಚಾ ಕಾಸೋಕೆ ಹೋಗಿರ್ತೀರಿ, ಅಡ್ಡಿಲ್ಲ, ಚಾ ಕುಡೀತಾನೇ ಕೇಳಿ.

ನಾನು ಶಿರಸಿಯಲ್ಲಿ ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರ್ಕೊಡೋನು. 2025ರ ಜುಲೈನಲ್ಲಿ ಒಂದು ಸಂಜೆ, ಹೊರಗೆ ಧೋ ಅಂತ ಮಳೆ, ನಮ್ಮ ಕೇರಿ ಕಿರಾಣಿ ಅಂಗಡಿ ಹೆಗಡೇರು ಕೊಡೆ ಮಡಚಿ ಬಾಗ್ಲ ಮೂಲೆಲಿಟ್ಟು, ಕೂರೋಕೂ ಮುಂಚೆ "ತಮಾ, ಯಂಗೂ ನೋಟೀಸು ಬತ್ತಾ?" ಅಂದ್ರು. ಆಗ ರಾಜ್ಯದ ತುಂಬ ಅದೇ ಸುದ್ದಿ, ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಹೋಗಿತ್ತು, ಪಕ್ಕದ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟು ತೋರ್ಸಿ 29 ಲಕ್ಷ ಕಟ್ಟು ಅಂತ ಬಂದಿದ್ದು ಪೇಪರ್‌ನಲ್ಲೆಲ್ಲ ಬಂತು. ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ. ಬೆಂಗಳೂರಲ್ಲಿ ಬೇಕರಿ, ಚಾ ಅಂಗಡಿಯೋರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡು ಹಾಕಿದ್ರು.

ಹೆಗಡೇರ ಫೋನ್ ಇಸ್ಕೊಂಡು ಇಬ್ರೂ ಕೂತು ವರ್ಷದ ಲೆಕ್ಕ ತೆಗೆದ್ವಿ. ಮೊತ್ತ ಜಿಎಸ್‌ಟಿ ನೋಂದಣಿ ಬೇಕಾಗೋ 40 ಲಕ್ಷದ ಗೆರೆ ದಾಟಿ ಒಂಚೂರು ಮುಂದೆ ಹೋಗಿತ್ತು, ಹೆಗಡೇರ ಮುಖ ಬಿಳಿಗೋಟಡಿಕೆ ಥರ ಆಯ್ತು. ಆಮೇಲೆ ಒಂದೊಂದೇ ಸಾಲು ಬಿಡಿಸ್ತಾ ಹೋದ್ರೆ, ಬೆಂಗಳೂರಿಂದ ಮಗ ಅಮ್ಮನ ಔಷಧಕ್ಕೆ ಹಾಕಿದ್ದು, ಯಾರಿಗೋ ಕೊಟ್ಟ ಕೈಗಡ ವಾಪಸ್ ಬಂದಿದ್ದು, ಎಟಿಎಂ ತನಕ ಹೋಗೋಕೆ ಬೇಜಾರಾದೋರು "ಸ್ಕ್ಯಾನ್ ಮಾಡ್ತೆ, ಎರಡು ಸಾವಿರ ಕ್ಯಾಶ್ ಕೊಡಿ" ಅಂತ ಇಸ್ಕೊಂಡಿದ್ದು, ಎಲ್ಲಕ್ಕಿಂತ ದೊಡ್ಡದು ಊರಿನ ಬಯಲಾಟದ ವಂತಿಗೆ! ಸಮಿತಿಗೆ ಖಾತೆ ಇಲ್ಲ ಅಂತ ಅಂಗಡಿ ಕ್ಯೂಆರ್‌ಗೇ ಹಾಕಿಸ್ಕೊಂಡಿದ್ರು ಪುಣ್ಯಾತ್ಮರು. ಮೇಳದೋರಿಗೆ ಕೊಟ್ಟ ವೀಳ್ಯದ ದುಡ್ಡು ಕಂಪ್ಯೂಟರ್ ಕಣ್ಣಿಗೆ ಅಕ್ಕಿ ಸಕ್ಕರೆ ಮಾರಿದ ದುಡ್ಡಿನ ಥರಾನೇ ಕಾಣ್ತದೆ, ಅದರ ತಪ್ಪೇನೂ ಅಲ್ಲ, ಅದಕ್ಕೆ ಅಷ್ಟೇ ಗೊತ್ತು.

ಇಲ್ಲೊಂದು ಸೂಕ್ಷ್ಮ ಇದೆ, ಅಂಗಡಿಯೋರು ಕಿವಿಗೊಟ್ಟು ಕೇಳಿ. ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ತೆರಿಗೆ ಇಲ್ಲದ ಮಾಲು ಮಾತ್ರ ಮಾರೋನಿಗೆ, ಅಂದ್ರೆ ಹಸಿ ಮೀನು, ತರಕಾರಿ, ಮೊಟ್ಟೆ ಇಂಥದ್ದೇ ಮಾರೋನಿಗೆ, ಎಷ್ಟು ಕೋಟಿ ಆದ್ರೂ ನೋಂದಣಿ ಬೇಡ. ಆದ್ರೆ ಕಿರಾಣಿಯಲ್ಲಿ ಸೋಪೂ ಇದೆ ಸೌತೆಕಾಯಿನೂ ಇದೆ ಅಂದ್ರೆ ಗೆರೆ ದಾಟಿತೋ ಇಲ್ವೋ ನೋಡುವಾಗ ಎರಡನ್ನೂ ಕೂಡಿಸ್ತಾರೆ, ತೆರಿಗೆ ಮಾತ್ರ ಸೋಪಿಗಷ್ಟೇ. ನಮ್ಮ ಅಡಿಕೆನೇ ನೋಡಿ, ಹಸಿ ಅಡಿಕೆಗೆ ತೆರಿಗೆ ಇಲ್ಲ, ಅದನ್ನೇ ಒಣಗಿಸಿ ಚಾಲಿ ಮಾಡಿದ್ರೆ 5 ಪರ್ಸೆಂಟ್. ಬ್ಯಾಂಕಿಗೆ ಬಿದ್ದ ದುಡ್ಡು ಹಸಿದೋ ಒಣಗಿದ್ದೋ ಅಂತ ಯಾವ ಯುಪಿಐ ಹೇಳ್ತದೆ?

ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನ ಕರೆಸಿ ಮಾತಾಡಿ, ನೋಂದಣಿ ಮಾಡ್ಕೊಳ್ಳಿ, ಹಳೆ ಬಾಕಿ ಕೇಳಲ್ಲ ಅಂದ್ರು, ವ್ಯಾಪಾರಿಗಳು ಕೊಟ್ಟಿದ್ದ ಜುಲೈ 25ರ ಬಂದ್ ಕರೆನೂ ತಣ್ಣಗಾಯ್ತು. ಹಾಗಂತ ಸರ್ಕಾರ ಈ ಲೆಕ್ಕ ನೋಡ್ಲೇಬಾರದು ಅನ್ನೋನು ನಾನಲ್ಲ. ಗೆರೆ ದಾಟಿದ ಮೇಲೂ ಕಟ್ಟದೇ ಕೂತೋರು ಇದ್ದಾರೆ, ನಂಗೆ ಗೊತ್ತಿಲ್ವಾ! ನನ್ನ ತಕರಾರು ಬೇರೆ. ಈ ಲೆಕ್ಕ ಬರೀ ವಸೂಲಿಗೆ ಯಾಕೆ ಬಳಸ್ತೀರಿ ಅಂತ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಕಾರವಾರದ ಬೈತಖೋಲದಲ್ಲಿ ಬೋಟ್‌ಗಳೆಲ್ಲ ಕಟ್ಟಿ ನಿಂತಿರ್ತವೆ, ಅಲ್ಲಿನ ಚಾ ಅಂಗಡಿ, ಐಸ್ ಪ್ಲಾಂಟು, ಬಲೆ ಸಾಮಾನಿನ ಅಂಗಡಿ ಎಲ್ಲರ ಗಲ್ಲಾನೂ ಸೊರಗ್ತದೆ. ಆ ಸೊರಗಿದ್ದೂ ಅದೇ ಯುಪಿಐ ಲೆಕ್ಕದಲ್ಲಿ, ಅದೇ ರಿಟರ್ನ್‌ಗಳಲ್ಲಿ ಕಾಣ್ಲೇಬೇಕಲ್ಲ? ಯಾವ ಬಂದರಲ್ಲಿ ಎಷ್ಟು ಇಳೀತು, ಆಗಸ್ಟಲ್ಲಿ ಎಷ್ಟು ಬೇಗ ಏರ್ತು ಅಂತ ನೋಡಿ ಪರಿಹಾರಾನೋ ಸಾಲದ ಕಂತಿನ ರಿಯಾಯ್ತಿನೋ ಕೊಡಬಹುದಲ್ಲ. ಏರಿದ್ದು ಮಾತ್ರ ಕಣ್ಣಿಗೆ ಬೀಳ್ತದೆ, ಇಳಿದಿದ್ದು ಬೀಳಲ್ಲ ಅಂದ್ರೆ ಅದೆಂಥ ಕಣ್ಣು ಮಾರಾಯ್ರೆ.

ಹಳೇ ಕಾಲದೋರಿಗೆ ಇದು ಗೊತ್ತಿತ್ತು. ಹೊನ್ನಾವರ, ಭಟ್ಕಳ ಎಲ್ಲ ಕೆಳದಿಯವರ ಕೈಲಿದ್ದಾಗ, 17ನೇ ಶತಮಾನದಲ್ಲಿ ಶಿವಪ್ಪ ನಾಯಕ 'ಶಿಸ್ತು' ಅಂತ ಮಾಡ್ದ ಅಲ್ವಾ, ಅವ್ನು ಕಂದಾಯ ಹೇಗೆ ಹಾಕ್ದ ಅಂದ್ರೆ, ಊರಲ್ಲಿ ಒಂದೊಂದು ತರದ ಭೂಮಿ ಆರಿಸಿ, ಸರ್ಕಾರದ ಖರ್ಚಲ್ಲೇ 12 ವರ್ಷ ಸಾಗುವಳಿ ಮಾಡಿಸಿ, ಬೀಜ ಎಷ್ಟು, ಕೂಲಿ ಎಷ್ಟು, ಬೆಳೆ ಎಷ್ಟು ಅಂತ ಬರೆಸಿ, ಸರಾಸರಿ ತೆಗೆದು ಆಮೇಲೆ ಮೂರರಲ್ಲಿ ಒಂದು ಪಾಲು ಅಂತ ಗೊತ್ತು ಮಾಡ್ದ. 12 ವರ್ಷ! ಒಳ್ಳೆ ಮಳೆ, ಕೆಟ್ಟ ಮಳೆ ಎರಡೂ ಅದರಲ್ಲಿ ಬಂದ್ಹೋಯ್ತು. 1799ರಲ್ಲಿ ಕೆನರಾ, ಅಂದ್ರೆ ನಮ್ಮ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋದ್ಮೇಲೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋನೂ ಶಾನಭೋಗರ ಹತ್ರ ಇದ್ದ ಹಳೇ ಲೆಕ್ಕ ತೆಗೆಸಿ ನೋಡೇ ಕಂದಾಯ ಹಾಕಿದ್ದು. ಆ ಲೆಕ್ಕ ಇರ್ತಿದ್ದಿದ್ದು ಕಡತದಲ್ಲಿ, ಬಟ್ಟೆಗೆ ಇದ್ದಿಲು ಪುಡಿ, ಹುಣಸೆಬೀಜದ ಅಂಟು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯೋದು. ಈಗಿನ ಸರ್ವರ್ ಅದೇ ಕಡತ, ಆದ್ರೆ ಪಕ್ಕದಲ್ಲಿ ಕೂತು "ಅದು ಆಟದ ವಂತಿಗೆ ಕಣ್ರೀ" ಅಂತ ಹೇಳೋ ಶಾನಭೋಗ ಇಲ್ಲ.

ಹೆಗಡೇರಿಗೆ ವಂತಿಗೆ, ಕೈಗಡ ಎಲ್ಲ ಕಳೆದ್ಮೇಲೆ ವ್ಯಾಪಾರ ಗೆರೆಯೊಳಗೇ ಬಂತು. ಒಂದು ವಹಿ ತಂದು ಯಾವ ದುಡ್ಡು ಯಾತಕ್ಕೆ ಅಂತ ದಿನಾ ಬರ್ದಿಡಿ ಅಂದೆ. ಈಗ ಅಂಗಡಿಗೆ ಹೋದ್ರೆ ಗಲ್ಲಾ ಮುಂದೆ ಎರಡು ಕ್ಯೂಆರ್ ಇವೆ, ಸಮಿತಿ ಹೆಸರಲ್ಲಿ ಬೇರೆ ಖಾತೆ ಆಗಿದೆ, ಅದರ ಕೆಳಗೆ ಸ್ಕೆಚ್ ಪೆನ್ನಲ್ಲಿ ದಪ್ಪಕ್ಕೆ ಬರ್ದಿದ್ದಾರೆ, "ಇದು ಆಟಕ್ಕೆ. ಸಾಮಾನಿಗೆ ಆಚೇದು."