ಕಾಗದ ಮುಂದೆ, ಕೋವಿ ಹಿಂದೆ

ಆತ್ಮೀಯ ಕೇಳುಗರೇ, ನಮಸ್ಕಾರ. ತೋಟದ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಲೋ, ಕೊಟ್ಟಿಗೆಯ ಕೆಲಸ ಮುಗಿಸಿ ಬಂದು ಕುಳಿತೋ ಈ ಹೊತ್ತಿನಲ್ಲಿ ಬಾನುಲಿ ಕೇಳುತ್ತಿರುವ ಮಲೆನಾಡಿನ ಕೃಷಿಕರನ್ನೇ ಕಣ್ಣ ಮುಂದೆ ಇಟ್ಟುಕೊಂಡು ನಾನು ಮಾತನಾಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇದೆ, ಕೆಲವರಲ್ಲಿ ತಂದೆಯ ಕಾಲದ ರೈಫಲ್ ಇದೆ. ವಯಸ್ಸಾಯಿತು, ಮಕ್ಕಳು ಬೆಂಗಳೂರು ಸೇರಿದರು, ಪ್ರತಿ ಚುನಾವಣೆಗೂ ಠಾಣೆಗೆ ಹೊತ್ತು ಒಪ್ಪಿಸಿ ಬರುವುದು ಸಾಕಾಯಿತು, ಇನ್ನು ಮಾರಿಬಿಡೋಣ ಎಂಬ ಯೋಚನೆ ನಿಮಗೆ ಬಂದಿರಬಹುದು. ಮಾರುವುದು ತಪ್ಪಲ್ಲ, ಕಾನೂನು ಅದಕ್ಕೆ ದಾರಿ ಇಟ್ಟಿದೆ. ಜಿಲ್ಲಾ ಕಚೇರಿಯೊಂದರ ಆಯುಧ ಪರವಾನಗಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದ ನಾನು ಇಂದು ಹೇಳಲು ಬಂದಿರುವುದು ಒಂದೇ ಮಾತು: ಕಾಗದ ಮುಂದೆ ಹೋಗಬೇಕು, ಕೋವಿ ಹಿಂದೆ ಹೋಗಬೇಕು.

ಈ ಮಾತು ನನ್ನದಲ್ಲ, 1959ರ ಆಯುಧ ಅಧಿನಿಯಮದ್ದು. ಅದರ 5ನೆಯ ಪ್ರಕರಣದ, ಅಂದರೆ ಸೆಕ್ಷನ್ನಿನ, ಪ್ರಕಾರ, ಸ್ವಂತ ಉಪಯೋಗಕ್ಕೆಂದು ಕಾನೂನುಬದ್ಧವಾಗಿ ಇಟ್ಟುಕೊಂಡ ಕೋವಿಯನ್ನು, ಅದನ್ನು ಹೊಂದಲು ಅರ್ಹತೆಯುಳ್ಳವರಿಗೆ ನೀವು ಮಾರಬಹುದು. ಅದಕ್ಕಾಗಿ ನೀವು ಅಂಗಡಿಯ ಪರವಾನಗಿ ಪಡೆಯಬೇಕಾಗಿಲ್ಲ. ಆದರೆ ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು ವಿಳಾಸಗಳನ್ನೂ ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ಜಿಲ್ಲಾಧಿಕಾರಿಗಳಿಗೆ, ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಕೊಳ್ಳುವವರು ಪರವಾನಗಿ ಪಡೆದ ವ್ಯಾಪಾರಿಯೇ ಆಗಿದ್ದರೂ ಈ ನಿಯಮ ತಪ್ಪುವುದಿಲ್ಲ. ತಿಳಿಸದೆ ಮಾರಿದರೆ, ಅಥವಾ ತಿಳಿಸಿಯೂ 45 ದಿನ ಕಾಯದೆ ಮಾರಿದರೆ, ಆರು ತಿಂಗಳವರೆಗೆ ಸೆರೆವಾಸ ಆಗಬಹುದು. ‘ಅಂಗಡಿಯವರು ನಮಗೆ ಗುರುತಿನವರು, ಮೂವತ್ತು ವರ್ಷದಿಂದ ತೋಟಾ ತರುವುದು ಅಲ್ಲಿಂದಲೇ’ ಎಂದು ನಮ್ಮ ಕಚೇರಿಯ ಮೇಜಿನ ಮುಂದೆ ನಿಂತು ವಾದಿಸಿದವರನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಗುರುತು ಬೇರೆ, ಕಾಗದ ಬೇರೆ.

ಇದು ಹೇಗೆ ಕೈಕೊಡುತ್ತದೆ ಎಂಬುದಕ್ಕೆ ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಘಟ್ಟದ ಅಂಚಿನ ಊರಿನಲ್ಲಿ ಎಂಬತ್ತರ ಸಮೀಪದ ಒಬ್ಬ ಯಜಮಾನರಿದ್ದರು. ಅವರ ಬಳಿ ಪಾಯಿಂಟ್ 315 ಬೋರಿನ ರೈಫಲ್ ಇತ್ತು. ಪರವಾನಗಿ ನವೀಕರಣಕ್ಕೆ ಅವರು ಅದನ್ನು ತಂದಾಗಲೆಲ್ಲ ನಾನು ನೋಡುತ್ತಿದ್ದೆ. ಹಿಡಿಕೆಯ ಮರದಲ್ಲಿ ಕೆನ್ನೆ ತಾಗುವ ಜಾಗ ಸವೆದು ನುಣುಪಾಗಿ ಹೊಳೆಯುತ್ತಿತ್ತು, ಆಯುಧ ಪೂಜೆಯ ಕುಂಕುಮ ತಿರುಪಿನ ಸಂದಿನಲ್ಲಿ ವರ್ಷವಿಡೀ ಉಳಿದಿರುತ್ತಿತ್ತು, ನಳಿಕೆಯ ಒಳಗೆ ಒಂದು ಚುಕ್ಕೆ ತುಕ್ಕು ಇರುತ್ತಿರಲಿಲ್ಲ. ಕಣ್ಣು ಮಂಜಾದ ಮೇಲೆ ಅವರು ಅದನ್ನು ಮಾರಲು ನಿಶ್ಚಯಿಸಿದರು. ದೂರದ ನಗರದ ವ್ಯಾಪಾರಿಯೊಬ್ಬರು ದೂರವಾಣಿಯಲ್ಲೇ ಬೆಲೆ ಒಪ್ಪಿದರು. ಯಜಮಾನರಿಗೆ ರಾತ್ರಿ ಬಸ್ಸಿನಲ್ಲಿ ಕುಳಿತು ಹೋಗುವ ಶಕ್ತಿ ಇರಲಿಲ್ಲ. ಆದ್ದರಿಂದ ರೈಫಲನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಗೋಣಿ ಹೊಲಿಸಿ, ತಂಗಿಯ ಮಗನ ಕೈಯಲ್ಲಿ ಕೊಟ್ಟು ಬಸ್ಸು ಹತ್ತಿಸಿದರು. ಜೊತೆಗೆ ಪರವಾನಗಿ ಪುಸ್ತಕವನ್ನೂ, ತಮ್ಮ ಸಹಿ ಹಾಕಿದ ಒಂದು ಪತ್ರವನ್ನೂ ಕಳುಹಿಸಿದರು. ‘ಈ ರೈಫಲನ್ನು ಮಾರಾಟದ ಸಲುವಾಗಿ ನನ್ನ ಸೋದರಳಿಯನ ಮೂಲಕ ಕಳುಹಿಸಿರುತ್ತೇನೆ’ ಎಂದು ದುಂಡಗಿನ ಅಕ್ಷರಗಳಲ್ಲಿ ಆ ಪತ್ರದಲ್ಲಿ ಬರೆದಿದ್ದರು.

ನಡುರಾತ್ರಿಯ ತಪಾಸಣೆಯಲ್ಲಿ ಪೊಲೀಸರು ಬಸ್ಸಿನ ಸಾಮಾನುಗಳನ್ನು ಇಳಿಸಿದಾಗ ಗೋಣಿ ಬಿಚ್ಚಿತು. ಹುಡುಗ ಹೆದರಲಿಲ್ಲ. ಕಾಗದವೆಲ್ಲ ಸರಿಯಿದೆ ಎಂಬ ನಂಬಿಕೆಯಿಂದ ಮಾವ ಕೊಟ್ಟ ಪತ್ರವನ್ನೇ ಮೊದಲು ತೆಗೆದು ತೋರಿಸಿದ. ಪರವಾನಗಿ ಇಲ್ಲದವರು ಪರವಾನಗಿದಾರರ ಸಮ್ಮುಖದಲ್ಲಿ ಅಥವಾ ಅವರ ಲಿಖಿತ ಅಧಿಕಾರದ ಮೇಲೆ ಕೋವಿಯನ್ನು ಒಯ್ಯಬಹುದು ಎಂದು 3ನೆಯ ಪ್ರಕರಣ ಹೇಳುವುದು ನಿಜ. ಆದರೆ ಅದು ಮೂರೇ ಕಾರಣಗಳಿಗೆ: ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ, ಇಲ್ಲವೇ ಪರವಾನಗಿದಾರರ ಉಪಯೋಗಕ್ಕೆ. ಮಾರಾಟ ಅದರಲ್ಲಿ ಇಲ್ಲ. ಯಜಮಾನರು ಸತ್ಯವನ್ನೇ ಬರೆದಿದ್ದರು, ಆ ಸತ್ಯವೇ ಸಾಕ್ಷ್ಯವಾಯಿತು. ಹುಡುಗನನ್ನು ಬಂಧಿಸಿದರು, ರೈಫಲನ್ನು ವಶಪಡಿಸಿಕೊಂಡರು, ಮುನ್ಸೂಚನೆ ಕೊಡದೆ ಮಾರಲು ಹೊರಟ ವಿಷಯದಲ್ಲಿ ಯಜಮಾನರ ವಿಚಾರಣೆಯೂ ನಡೆಯಿತು. ಕೆಲವು ದಿನಗಳ ಮೇಲೆ ಅವರು ನಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತು, ಕೊಡೆಯನ್ನು ಎರಡು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ‘ನಾನು ಕದ್ದು ಮಾರಿದೆನೇ ಸ್ವಾಮಿ?’ ಎಂದು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವರು ಕದ್ದಿರಲಿಲ್ಲ. ಕೋವಿಯನ್ನು ಮುಂದೆ ಕಳುಹಿಸಿ ಕಾಗದವನ್ನು ಹಿಂದೆ ಬಿಟ್ಟಿದ್ದರು, ಅಷ್ಟೆ. ಮೂರು ವರ್ಷ ನ್ಯಾಯಾಲಯಕ್ಕೆ ಅಲೆದರು. ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಮುದ್ದೆಮಾಲು ಕೊಠಡಿಯಿಂದ ಆ ರೈಫಲ್ ಹೊರಗೆ ಬಂದ ದಿನ ನಾನು ಅಲ್ಲೇ ಇದ್ದೆ. ಎರಡು ಮಳೆಗಾಲಗಳ ತೇವಕ್ಕೆ ಬೋಲ್ಟು ತುಕ್ಕು ಹಿಡಿದು, ಎಳೆದರೂ ಜರುಗುತ್ತಿರಲಿಲ್ಲ.

ಸಮಯ ಹೆಚ್ಚು ಉಳಿದಿಲ್ಲವಾದ್ದರಿಂದ ಮಾಡಬೇಕಾದುದನ್ನು ಬೇಗ ಹೇಳುತ್ತೇನೆ. ಮೊದಲು ವ್ಯಾಪಾರಿಯಿಂದ ಅವರ ಪರವಾನಗಿಯ ಪ್ರತಿಯನ್ನು ತರಿಸಿಕೊಳ್ಳಿ. ಅದರ ಅವಧಿ ಮುಗಿದಿಲ್ಲವೆಂದೂ, ನಿಮ್ಮ ಬಗೆಯ ಕೋವಿಯನ್ನು ಕೊಳ್ಳಲು ಅದರಲ್ಲಿ ಅವಕಾಶ ಇದೆಯೆಂದೂ ಓದಿ ನೋಡಿ. ಅನಂತರ ಹಗಲು ಬೆಳಕಿನಲ್ಲಿ ಕುಳಿತು ನಿಮ್ಮ ಕೋವಿಯ ಕ್ರಮಸಂಖ್ಯೆಯನ್ನು ಓದಿ. ಸವೆದ ಅಂಕಿಗಳ ಮೇಲೆ ಸೀಮೆಸುಣ್ಣ ಉಜ್ಜಿ ಬಟ್ಟೆಯಿಂದ ಒರೆಸಿದರೆ ಗೀರುಗಳಲ್ಲಿ ಬಿಳಿ ಉಳಿದು ಅಂಕಿ ಎದ್ದು ಕಾಣುತ್ತದೆ. 3 ಮತ್ತು 8 ಅದಲುಬದಲಾಗಿ ಅರ್ಜಿಗಳು ವಾಪಸಾದುದನ್ನು ನಾನು ಕಂಡಿದ್ದೇನೆ. ತಯಾರಕರ ಹೆಸರು, ಸಂಖ್ಯೆ ಮುಂತಾದ ಗುರುತೇ ಇಲ್ಲದ ಕೋವಿಯನ್ನು ಮಾರುವುದನ್ನು 8ನೆಯ ಪ್ರಕರಣ ನಿಷೇಧಿಸಿದೆ. ಕಾನೂನು ‘ಅಥವಾ’ ಎಂದು ಹೇಳಿದ್ದರೂ ಜಿಲ್ಲಾಧಿಕಾರಿಗಳ ಕಚೇರಿಗೂ ಠಾಣೆಗೂ ಎರಡೂ ಕಡೆ ಪತ್ರ ಕೊಡಿ, ಎರಡೂ ಕಡೆ ದಿನಾಂಕದ ಮೊಹರು ಬಿದ್ದ ಸ್ವೀಕೃತಿ ಪಡೆಯಿರಿ. ಆ ಮೊಹರಿನ ದಿನದಿಂದ 45 ದಿನ ಕಾಯಿರಿ. ದಯವಿಟ್ಟು 40ನೆಯ ದಿನ ಹೊರಡಬೇಡಿ.

ಹೊರಡುವಾಗ ಪರವಾನಗಿದಾರರಾದ ನೀವೇ ಒಯ್ಯಿರಿ. ಪಾರ್ಸೆಲ್ ಮಾಡಬೇಡಿ, ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಪರಿಚಯದ ಚಾಲಕರ ಕೈಗೆ ಒಪ್ಪಿಸಬೇಡಿ. ತೋಟಾ ತೆಗೆದು ಬೇರೆಯಾಗಿ ಇಡಿ, ಕೋವಿಯನ್ನು ಅದರದೇ ಚೀಲದಲ್ಲಿ ಇಡಿ, ಮೂಲ ಪರವಾನಗಿ ಮತ್ತು ಸ್ವೀಕೃತಿಗಳು ಕೈಗೆ ಸಿಗುವಂತಿರಲಿ. ಪರವಾನಗಿ ಇದ್ದರೂ ಸಂಶಯಕ್ಕೆ ಎಡೆಯಾಗುವ ರೀತಿಯಲ್ಲಿ ಆಯುಧ ಒಯ್ಯುವವರನ್ನು ಪೊಲೀಸರಷ್ಟೇ ಅಲ್ಲ, ರೈಲು ಮತ್ತು ವಾಹನಗಳಲ್ಲಿ ಕೆಲಸ ಮಾಡುವವರೂ ವಾರಂಟ್ ಇಲ್ಲದೆ ಹಿಡಿಯಬಹುದು ಎಂದು 20ನೆಯ ಪ್ರಕರಣ ಹೇಳುತ್ತದೆ. ಗೋಣಿಯಲ್ಲಿ ಸುತ್ತಿದ ರೈಫಲ್ ಯಾರಿಗಾದರೂ ಸಂಶಯ ತರುತ್ತದೆ. ನಿಮ್ಮ ಪರವಾನಗಿ ಯಾವ ಪ್ರದೇಶದವರೆಗೆ ಊರ್ಜಿತ ಎಂಬುದನ್ನೂ ನೋಡಿಕೊಳ್ಳಿ. ಕರ್ನಾಟಕಕ್ಕೆ ಸೀಮಿತವಾದ ಪರವಾನಗಿ ಹಿಡಿದು ಕೇರಳದ ಅಂಗಡಿಗೆ ಹೊರಡುವಂತಿಲ್ಲ.

ಪರವಾನಗಿದಾರರು ತೀರಿಕೊಂಡ ಮನೆಗಳವರಿಗೆ, ಪರವಾನಗಿಯ ಅವಧಿ ಮುಗಿದವರಿಗೆ ಒಂದು ಮಾತು: ನೀವು ಕೋವಿಯನ್ನು ಅಟ್ಟದ ಮೇಲೆ ಇಟ್ಟುಕೊಂಡು ಕೊಳ್ಳುವವರನ್ನು ಹುಡುಕುವಂತಿಲ್ಲ. 21ನೆಯ ಪ್ರಕರಣದಂತೆ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಹಾಗೆ ಇಟ್ಟ ಕೋವಿಯನ್ನು ಗೊತ್ತುಪಡಿಸಿದ ಅವಧಿಯೊಳಗೆ ಅಲ್ಲಿಂದಲೇ ಅರ್ಹರಿಗೆ ಮಾರಿ ಹಣ ಪಡೆಯುವ ಹಕ್ಕು ನಿಮಗಿದೆ, ಅವಧಿ ಮೀರಿದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. 2019ರ ತಿದ್ದುಪಡಿಯ ಮೇಲೆ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ, ಹಿರಿಯರಿಂದ ಬಂದ ಕೋವಿಗಳಿಗೂ ಅದೇ ಮಿತಿ.

ಅಂಗಡಿಯಲ್ಲಿ ಕೋವಿಯನ್ನು ಒಪ್ಪಿಸಿದ ಮೇಲೆ ಬರಿಗೈಯಲ್ಲಿ ಹೊರಡಬೇಡಿ. ಕ್ರಮಸಂಖ್ಯೆ ಬರೆದ, ಮೊಹರು ಒತ್ತಿದ ರಸೀದಿ ಪಡೆಯಿರಿ. ಅದನ್ನೂ ಪರವಾನಗಿ ಪುಸ್ತಕವನ್ನೂ ಜಿಲ್ಲಾಧಿಕಾರಿಗಳ ಕಚೇರಿಗೆ ಒಯ್ದು, ಆ ಕೋವಿಯ ನಮೂದನ್ನು ನಿಮ್ಮ ಕಣ್ಣೆದುರಿಗೇ ರದ್ದುಪಡಿಸಿಕೊಂಡು ಬನ್ನಿ. ನಮಸ್ಕಾರ.