ಮೊದಲ ಗದಗ, ಆಮ್ಯಾಲೆ ಹುಬ್ಬಳ್ಳಿ

ಶ್ರೋತೃಗಳಿಗೆಲ್ಲಾ ನಮಸ್ಕಾರ್ರೀ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾರ ಮನಿಗೆ ಹೋದ್ರೂ, ನಾಕೈದು ವರ್ಷದ ಕೂಸು ಇತ್ತಂದ್ರ ಅದನ್ನ ಕರದು ನಿಲ್ಲಿಸಿ "ಕಾಕಾಗ ಅ ಆ ಇ ಈ ಅಂದು ತೋರ್ಸು" ಅಂತಾರ, ಕೂಸೂ ಒಂದ ಉಸುರಿನ್ಯಾಗ ಅಃ ತನಕಾ ಅಂದು ಓಡಿ ಹೋಗ್ತೈತಿ, ನಾವೆಲ್ಲಾ ಶಾಬಾಸ್ ಅಂತೀವಿ. ಛಲೋನ ಅದು. ಆದ್ರ ಅದ ಕೂಸಿನ ಮುಂದ ಪಾಟಿ ಮ್ಯಾಲೆ ಏ ಒಂದ ಬರದು "ಇದ್ಯಾವ್ದು" ಅಂತ ಕೇಳಿ ನೋಡ್ರಿ, ಭಾಳ ಹುಡುಗ್ರು ಮತ್ತ ಅ ದಿಂದ ಶುರು ಮಾಡಿ ಬಾಯಾಗ ಅನ್ಕೋಂತ ಅನ್ಕೋಂತ ಅಲ್ಲಿಗೆ ಬರ್ತಾವು. ಅಂದ್ರ ಬಾಯಿಗೆ ಬಂದೈತಿ, ಕಣ್ಣಿಗೆ ಇನ್ನೂ ಬಂದಿಲ್ಲ.

ಕನ್ನಡದಾಗ ಅಕ್ಷರ 49. ಅದರಾಗ ವ್ಯಂಜನ 34, ಒಂದೊಂದಕ್ಕೂ ಕ ಕಾ ಕಿ ಕೀ ಅಂತ ಕಃ ತನಕಾ 15 ರೂಪ, ಲೆಕ್ಕ ಹಾಕಿದ್ರ 510 ಆತು, ಅದರ ಮ್ಯಾಲೆ ಒತ್ತಕ್ಷರ ಬ್ಯಾರೆ. ಇದಿಷ್ಟೂ ಮುಗಿಸಿ ಆಮ್ಯಾಲೆ ಶಬ್ದ ಓದಿಸ್ತೀನಿ ಅಂತ ಕುಂತ್ರ ಕೂಸಿಗೆ ಓದೋದಂದ್ರ ಏನು ಅಂತ ಗೊತ್ತಾಗೋದ್ರಾಗ ಬ್ಯಾಸರ ಬಂದಿರತೈತಿ. ಹಂಗಾಗಿ ನಾನು ಇವತ್ತ ಹೇಳಬೇಕು ಅನ್ಕೊಂಡಿದ್ದು ಒಂದ: ನಾಕೈದು ಅಕ್ಷರ ಬಂದ ಕೂಡ್ಲೇ ಶಬ್ದ ಓದಿಸ್ರಿ, ಉಳಿದಿದ್ದು ಹಿಂದಿಂದ ಬರಲಿ.

ಇದು ನಾನು ಹುಟ್ಟಿಸಿದ ಮಾತಲ್ರೀ. ನಮ್ಮ ಸರಕಾರಿ ಕನ್ನಡ ಸಾಲ್ಯಾಗ ನಲಿ-ಕಲಿ ಅಂತ ಕಲಿಸೋ ಪದ್ಧತಿ ಐತಲ್ಲ, 1995ರ ಸುಮಾರಿಗೆ ಮೈಸೂರು ಜಿಲ್ಲಾದ ಹೆಗ್ಗಡದೇವನಕೋಟಿ ತಾಲೂಕಿನ್ಯಾಗ ಶುರುವಾಗಿದ್ದು, ಅದರಾಗ ಅ ಆ ಇ ಈ ಕ್ರಮ ಬಿಟ್ಟು ರ ಗ ಸ ದ ಅ ಅಂತ ಶುರು ಮಾಡ್ತಾರ. ಭಾಳ ಮಂದಿ ತಾಯಂದ್ರು ಇದೇನ್ರೀ ಅಕ್ಕೋರ ಉಲ್ಟಾಪಲ್ಟಾ ಕಲಸಾಕತ್ತೀರಿ ಅಂತ ಕೇಳ್ತಾರ, ಆದ್ರ ಆ ಐದು ಅಕ್ಷರದಾಗ ಏನೇನು ಐತಿ ನೋಡ್ರಿ: ಸರ, ದರ, ಅರಸ, ಅಗಸ, ಗರಗಸ. ಒಂದಕ್ಕೂ ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಮತ್ತ ನಮ್ಮ ಕಡೆ ಮಂದಿಗೆ ಇನ್ನೊಂದು ಲಾಭ ಐತ್ರಿ, ಗದಗ ಅನ್ನೋ ಊರ ಹೆಸರು ಬರೇ ಗ, ದ ಎರಡು ಅಕ್ಷರದಾಗ ಮುಗೀತು! ಧಾರವಾಡದ ಹತ್ರ ಗರಗ ಐತಲ್ಲ, ರಾಷ್ಟ್ರಧ್ವಜದ ಖಾದಿ ನೇಯೋ ಊರು, ಅದೂ ಎರಡ ಅಕ್ಷರ. ಮುಂದ ಜ ವ ಮ ಬ ನ ಕೂಡಿಸಿದ್ರ ಜನ, ಮರ, ಮಗ, ಬಸವ, ಮತ್ತ ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಯಿಂದ ಧಾರವಾಡಕ್ಕ ಹೊಂಟಾಗ ಬರೋ ನವನಗರ. ಬಸ್ ಸ್ಟ್ಯಾಂಡಿನ್ಯಾಗ ಬೋರ್ಡ್ ನೋಡಿ ಕೂಸು ತಾನ ಆಗಿ "ಅವ್ವಾ, ಗ ದ ಗ, ಗದಗ!" ಅಂತ ಒದರ್ತೈತಲ್ಲ, ಆವಾಗ ಅದಕ್ಕ ಗೊತ್ತಾಗತೈತಿ ಅಕ್ಷರ ಯಾಕ ಕಲೀಬೇಕು ಅಂತ.

ಹುಬ್ಬಳ್ಳಿ ಓದಾಕ ಅವಸರ ಮಾಡಬ್ಯಾಡ್ರಿ, ಅದರಾಗ ಕೊಂಬು ಐತಿ, ಗುಡಿಸು ಐತಿ, ಎರಡು ಒತ್ತು ಅದಾವು. ಅದಕ್ಕಿಂತ ಮೊದಲ ಹಾವೇರಿ ಓದಿಸ್ರಿ, ಒತ್ತಿಲ್ಲ, ಬರೇ ಗುಣಿತ.

ಗುಣಿತಾನೂ ಅಡ್ಡಡ್ಡ ಕಲಿಸ್ರಿ ಅಂತೀನಿ ನಾನು. ಒಂದ ಅಕ್ಷರಕ್ಕ ಹದಿನೈದೂ ಚಿಹ್ನೆ ಹಚ್ಚೋ ಬದಲಿ, ಒಂದ ಚಿಹ್ನೆ ತಗೊಂಡು ಬಂದ ಅಕ್ಷರಕ್ಕೆಲ್ಲಾ ಹಚ್ಚೋದು. ಸರ ಇದ್ದಿದ್ದು ಸಾರ, ದನ ಇದ್ದಿದ್ದು ದಾನ, ಮನ ಇದ್ದಿದ್ದು ಮಾನ. ಒಂದು ದೀರ್ಘ ಹಚ್ಚಿದ್ರ ಅರ್ಥನ ಬದಲಾತು ಅಂತ ಕೂಸಿಗೆ ಕಿವಿಗೂ ಕಣ್ಣಿಗೂ ಕೂಡೇ ತಿಳೀತೈತಿ. ಕೊಂಬು ಕಲಿಸೋವಾಗ ಪು, ವು ಇವೆರಡರ ಕೊಂಬು ಕೆಳಗ ಬರತೈತಿ ಅನ್ನೋದನ್ನ ಬ್ಯಾರೆ ತೋರಿಸ್ರಿ, ಅಲ್ಲೇ ಹುಡುಗ್ರು ಎಡವತಾವು. ಒತ್ತಕ್ಷರಕ್ಕ ಮನಿಮಂದಿ ಹೆಸರು ಸಾಕು. ಅಕ್ಕ, ಅಜ್ಜ, ಅಪ್ಪ, ಅವ್ವ, ಅಣ್ಣ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಂಗ ಕಾಣಂಗಿಲ್ಲ, ಅವನ್ನ ಕಡೀಕ ಇಟ್ಕೋರಿ.

ಇನ್ನೊಂದು ಮಾತು, ಇದು ನನ್ನ ಮನಸಿಗೆ ಭಾಳ ಹತ್ತಿದ್ದು. ನಮ್ಮ ಹುಡುಗ್ರು ಮನ್ಯಾಗ ಮನಿ ಅಂತಾವು, ಐತಿ ಅಂತಾವು, ಪುಸ್ತಕದಾಗ ಮನೆ ಇದೆ ಅಂತ ಇರತೈತಿ. "ಮನೆ ಇದೆ" ಅನ್ನೋದನ್ನ ನೋಡಿ ಕೂಸು "ಮನಿ ಐತಿ" ಅಂತ ಓದಿದ್ರ ದಯಮಾಡಿ ಬೈಬ್ಯಾಡ್ರಿ. ಅದಕ್ಕ ಅರ್ಥ ತಿಳಿದೈತಿ, ತಿಳಿದಿದ್ದಕ್ಕ ಹಂಗ ಓದೈತಿ. "ಹೌದು, ಪುಸ್ತಕದಾಗ ಹೆಂಗ ಬರದಾರ ಬೆರಳಿಟ್ಟು ನೋಡು" ಅನ್ರಿ, ಸಾಕು. ಮನಿ ಮಾತು ತಪ್ಪು ಅಂತ ಒಮ್ಮೆ ತಲ್ಯಾಗ ಕುಂತ್ರ ಆ ಕೂಸು ಸಾಲ್ಯಾಗ ಬಾಯಿ ಬಿಡೋದ ನಿಲ್ಲಿಸಿಬಿಡತೈತಿ.

ಬರಿಯಾಕ ಒತ್ತಾಯ ಬ್ಯಾಡ, ಬೆರಳಿಗೆ ಇನ್ನೂ ಶಕ್ತಿ ಬಂದಿರಂಗಿಲ್ಲ, ಓದೋದು ಮುಂದ ಹೋಗಲಿ ಬರೆಯೋದು ಹಿಂದಿಂದ ಬರಲಿ. ದಿನಾ ಹತ್ತು ಹದಿನೈದು ನಿಮಿಷ ಸಾಕ್ರಿ, ರಾತ್ರಿ ಊಟಕ್ಕಿಂತ ಮೊದಲ ಕುಂದ್ರಸ್ಕೊಂಡು ಒಂದ ಕಥಿ ನೀವು ಓದಿ ಹೇಳ್ರಿ, ಅದ ಕಥಿ ನಾಳೆನೂ ಬೇಕು ಅಂದ್ರ ನಾಳೆನೂ ಓದ್ರಿ. ಪುಸ್ತಕ ಇಲ್ಲಂದ್ರ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಒಳಗ ಕನ್ನಡ ಕಥಿ ಪುಕ್ಕಟೆ ಸಿಗತಾವು, ಆದ್ರ ಮೊಬೈಲ್ ಕೂಸಿನ ಕೈಯಾಗ ಕೊಟ್ಟು ಎದ್ದು ಹೋಗಬ್ಯಾಡ್ರಿ, ಬಾಜೂ ಕುಂದ್ರಿ.

ನಮಗ ಓದಾಕ ಬರಂಗಿಲ್ಲ ನಾವೇನು ಕಲಿಸೋದು ಅಂತೀರೇನವ್ವಾ? ಕೂಸಿನ ಕಡಿಂದ ನೀವ ಓದಿಸ್ಕೋರಿ. ರೊಟ್ಟಿ ಬಡೀಕೋಂತ "ಏನೈತಿ ಅದರಾಗ, ಮುಂದೇನಾತು" ಅಂತ ಕೇಳ್ರಿ, ಕೇಳೋರು ಅದಾರ ಅಂದ್ರ ಓದೋರು ಓದತಾರ.

2020ರ ರಾಷ್ಟ್ರೀಯ ಶಿಕ್ಷಣ ನೀತ್ಯಾಗೂ ಮೂರನೇತ್ತಾ ಮುಗಿಯೋದ್ರಾಗ ಓದಾಕ ಬರಬೇಕು ಅಂತ ಐತಿ, ನಾಕ ವರ್ಷಕ್ಕ ಬರಬೇಕು ಅಂತ ಇಲ್ಲ, ಹಂಗಾಗಿ ಬಾಜೂ ಮನಿ ಹುಡುಗನ ಜೋಡಿ ಹೋಲಿಸಿ ಕೂಸಿನ ಮುಂದ ಮಾರಿ ಸಣ್ಣ ಮಾಡಬ್ಯಾಡ್ರಿ. ಆದ್ರ ಎರಡನೇತ್ತಾ ಮುಗೀಲಿಕ್ಕೆ ಬಂದ್ರೂ ಕಲಿತ ಅಕ್ಷರ ಮತ್ತ ಮತ್ತ ಮರೀತೈತಿ, ಪುಸ್ತಕ ಕಣ್ಣಿಗೆ ಭಾಳ ಹತ್ರ ಹಿಡೀತೈತಿ, ಕರದ್ರ ಒಮ್ಮಿಗೆ ಹೊಳ್ಳಿ ನೋಡಂಗಿಲ್ಲ ಅಂದ್ರ ದಡ್ಡ ಅನ್ನೋದಕ್ಕಿಂತ ಮೊದಲ ಕಣ್ಣು, ಕಿವಿ ಡಾಕ್ಟರಿಗೆ ತೋರಿಸ್ರಿ, ಅಕ್ಕೋರ ಜೋಡಿ ಕುಂತು ಮಾತಾಡ್ರಿ. ನಮಸ್ಕಾರ್ರೀ.